ಗಂಟೆ ಹೊಡೆಯದ ಶಾಲೆ

ಶಾಲೆಯ ಗಂಟೆ ಹೊಡೆಯುವುದು ಪಾಠಕ್ಕೆ ಎಂದೇ ನಾವೆಲ್ಲ ತಿಳಿದಿದ್ದೇವೆ. ಒಂದು ಸರ್ಕಾರಿ ಪ್ರೌಢಶಾಲೆಯ ದಿನವನ್ನು ಬಿಡಿಸಿ ನೋಡಿದರೆ ಅದು ಪಾಠದಷ್ಟೇ ಮೈಗೂ ಹೊಡೆಯುವ ಗಂಟೆ ಎಂದು ಗೊತ್ತಾಗುತ್ತದೆ. ಮೊದಲ ಗಂಟೆಯ ಹೊತ್ತಿಗೆ ಹುಡುಗ ಎರಡು ಕಿಲೋಮೀಟರ್ ನಡೆದೋ ಸೈಕಲ್ ತುಳಿದೋ ಬಂದಿರಬೇಕು. ಪ್ರಾರ್ಥನೆಗೆ ಸಾಲಾಗಿ ನಿಲ್ಲಬೇಕು, ಮೇಷ್ಟ್ರು ಒಳಗೆ ಬಂದಾಗಲೆಲ್ಲ ಎದ್ದು ನಮಸ್ಕಾರ ಹೇಳಬೇಕು, ಸಣ್ಣ ಬಿಡುವಿನಲ್ಲಿ ನಲ್ಲಿಯವರೆಗೆ ಓಡಬೇಕು, ಮಧ್ಯಾಹ್ನದ ಗಂಟೆಗೆ ತಟ್ಟೆ ತೊಳೆದುಕೊಂಡು ಬಿಸಿಯೂಟದ ಸಾಲು ಹಿಡಿಯಬೇಕು, ಪಿ.ಟಿ. ಮೇಷ್ಟ್ರ ಸೀಟಿ ಕೇಳಿದರೆ ಮೈದಾನಕ್ಕೆ ಇಳಿಯಬೇಕು, ಸಂಜೆ ಬಂದಷ್ಟೇ ದಾರಿ ಸವೆಸಿ ಮನೆ ಸೇರಬೇಕು. ಇದ್ಯಾವುದನ್ನೂ ಅವನು ವ್ಯಾಯಾಮ ಎನ್ನುವುದಿಲ್ಲ, ಇದಕ್ಕಾಗಿ ಬೆಳಿಗ್ಗೆ ಎದ್ದು ಸಂಕಲ್ಪ ಮಾಡುವುದೂ ಇಲ್ಲ. ಆದರೂ ದಿನ ಮುಗಿಯುವಷ್ಟರಲ್ಲಿ ಮೈಗೆ ಬೇಕಾದ ಓಡಾಟದಲ್ಲಿ ದೊಡ್ಡ ಪಾಲು ಆಗಿಹೋಗಿರುತ್ತದೆ, ಊಟವೂ ಹೊತ್ತಿಗೆ ಸರಿಯಾಗಿ ಬಿದ್ದಿರುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠವನ್ನು ಮನೆಗೆ ಮುಟ್ಟಿಸುವುದು ಹೇಗೆ ಎಂದು ಇಡೀ ರಾಜ್ಯ ತಲೆ ಕೆಡಿಸಿಕೊಂಡಿತು. ಗೂಗಲ್ ಮೀಟ್ ಬಂತು, ವಾಟ್ಸ್‌ಆ್ಯಪ್ ಗುಂಪುಗಳು ಹುಟ್ಟಿಕೊಂಡವು, ಜುಲೈ ಹೊತ್ತಿಗೆ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳೂ ಶುರುವಾದವು. ಪಾಠ ಹೇಗೋ ಮನೆಗೆ ಬಂತು. ಗಂಟೆ ಮಾತ್ರ ಶಾಲೆಯಲ್ಲೇ ಉಳಿಯಿತು.

ಆ ಎರಡು ವರ್ಷಗಳಲ್ಲಿ ಹದಿಹರೆಯದವರ ಆಟ ಊಟ ಎರಡೂ ಹದಗೆಟ್ಟವು ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಕಾರಣ ಕೇಳಿದರೆ ಮಾತ್ರ ಬೆರಳು ಮಕ್ಕಳ ಕಡೆಗೋ ತಾಯಂದಿರ ಕಡೆಗೋ ತಿರುಗುತ್ತದೆ. ಮಕ್ಕಳು ಸೋಮಾರಿಗಳಾದರು, ಮೊಬೈಲ್ ಹುಚ್ಚು ಹಿಡಿಯಿತು, ಅಮ್ಮಂದಿರು ಕೇಳಿದ್ದನ್ನೆಲ್ಲ ಮಾಡಿಕೊಟ್ಟರು ಎನ್ನುವುದು ಸುಲಭದ ಉತ್ತರ. ಸಿಕ್ಕಿರುವ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಉತ್ತರ ಕಾಣುತ್ತದೆ. ಕೆಟ್ಟದ್ದು ಮಕ್ಕಳ ಬುದ್ಧಿಯಲ್ಲ, ಅವರ ದಿನದ ಚೌಕಟ್ಟು. ಆ ಚೌಕಟ್ಟನ್ನು ಸದ್ದಿಲ್ಲದೆ ಹೊತ್ತು ನಿಂತಿದ್ದುದು ಶಾಲೆ. ಮನೆಯಿಂದ ಕಲಿಯುವ ಯಾವುದೇ ಏರ್ಪಾಡು ಅದನ್ನೂ ಜೊತೆಗೆ ತರದಿದ್ದರೆ ಅದು ಅರ್ಧ ಶಾಲೆ ಮಾತ್ರ ಎಂಬುದು ಈ ಬರಹದ ವಾದ.

ಓಡಾಟ ಎಲ್ಲಿ ಹೋಯಿತು?

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು ಮೈ ದಣಿಸಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕೊರೊನಾಕ್ಕೆ ಮೊದಲೂ ಈ ಲೆಕ್ಕ ಮುಟ್ಟುತ್ತಿದ್ದವರು ಕಡಿಮೆಯೇ. 2016ರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಜಾಗತಿಕ ವರದಿಯ ಪ್ರಕಾರ 11ರಿಂದ 17 ವರ್ಷದ ನೂರರಲ್ಲಿ 81 ಮಂದಿಗೆ ಅಷ್ಟು ಓಡಾಟ ಇರಲಿಲ್ಲ. ಇದ್ದ ಸ್ವಲ್ಪವೂ ಶಾಲೆ ಮುಚ್ಚಿದ ಕೂಡಲೇ ಕರಗಿತು. ಶಾಂಘೈನ ಐದು ಶಾಲೆಗಳ ಸುಮಾರು 2,400 ಮಕ್ಕಳನ್ನು 2020ರ ಆರಂಭದಲ್ಲಿ ಶಾಲೆ ಮುಚ್ಚುವ ಮೊದಲೂ ಆಮೇಲೂ ಕೇಳಿ ನೋಡಿದಾಗ, ವಾರಕ್ಕೆ 540 ನಿಮಿಷ ಇದ್ದ ದೈಹಿಕ ಚಟುವಟಿಕೆ 105 ನಿಮಿಷಕ್ಕೆ ಇಳಿದಿತ್ತು. ಒಂದು ಊರಿನ ಕತೆ ಇದು ಎನ್ನುವಂತಿಲ್ಲ. ಹಲವು ದೇಶಗಳ 22 ಅಧ್ಯಯನಗಳನ್ನು, 14,000ಕ್ಕೂ ಹೆಚ್ಚು ಮಕ್ಕಳ ಲೆಕ್ಕವನ್ನು ಒಗ್ಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆ ಒಟ್ಟು ಚಟುವಟಿಕೆ ಶೇ 20ರಷ್ಟು ಕುಸಿಯಿತು ಎನ್ನುತ್ತದೆ. ಬಿರುಸಿನ ಚಟುವಟಿಕೆ, ಅಂದರೆ ಎದೆಬಡಿತ ಏರಿಸುವ ಓಟ, ಜಿಗಿತ, ಆಟಗಳ ಕುಸಿತ ಶೇ 32. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಬೇಕು. ಮನೆಯೊಳಗೂ ಮಕ್ಕಳು ಅಲ್ಲಿಂದಿಲ್ಲಿಗೆ ಓಡಾಡುತ್ತಾರೆ. ಆದರೆ ಕೊಕ್ಕೊ ಆಡಲು ಮನೆಯಲ್ಲಿ ಹದಿನೆಂಟು ಮಂದಿ ಸಿಗುವುದಿಲ್ಲ. ಬಿರುಸಿನ ಆಟಕ್ಕೆ ಜಾಗ ಬೇಕು, ಜೊತೆ ಬೇಕು, ಗೊತ್ತಾದ ಹೊತ್ತು ಬೇಕು. ಮೂರನ್ನೂ ಒಂದೇ ಕಡೆ ಪುಕ್ಕಟೆಯಾಗಿ ಕೊಡುತ್ತಿದ್ದುದು ಶಾಲೆಯೊಂದೇ.

ಮೈದಾನಕ್ಕಿಂತ ದೊಡ್ಡ ನಷ್ಟ ದಾರಿಯದು. ಎರಡು ಕಿಲೋಮೀಟರ್ ದೂರದ ಶಾಲೆಗೆ ನಡೆದು ಹೋಗಿ ಬರುವ ಹುಡುಗಿಗೆ ಅಲ್ಲೇ ಸುಮಾರು 50 ನಿಮಿಷದ ನಡಿಗೆ ಆಗುತ್ತದೆ. ಕರ್ನಾಟಕ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು ಹಾಜರಾತಿ ಹೆಚ್ಚಲಿ, ಏಳನೆಯದು ಮುಗಿಸಿದ ಹೆಣ್ಣುಮಕ್ಕಳು ಶಾಲೆ ಬಿಡದಿರಲಿ ಎಂದು. ಅರಿತೋ ಅರಿಯದೆಯೋ ಅದು ರಾಜ್ಯದ ಅತಿ ದೊಡ್ಡ ವ್ಯಾಯಾಮ ಯೋಜನೆಯೂ ಆಗಿತ್ತು. 2020-21ರಲ್ಲಿ ಶಾಲೆಯ ಬಾಗಿಲು ಮುಚ್ಚಿತು, ಸೈಕಲ್ ವಿತರಣೆಯೂ ನಿಂತಿತು. ಹುಡುಗಿಯರ ಮಟ್ಟಿಗೆ ಈ ಪೆಟ್ಟು ಇನ್ನೂ ಜೋರು. ಮೇಲೆ ಹೇಳಿದ ಜಾಗತಿಕ ವರದಿಯಲ್ಲಿ ಚಟುವಟಿಕೆ ಸಾಲದವರು ಹುಡುಗರಲ್ಲಿ ಶೇ 77.6, ಹುಡುಗಿಯರಲ್ಲಿ ಶೇ 84.7. ಲಾಕ್‌ಡೌನ್ ಸಡಿಲವಾದಾಗ ಗಲ್ಲಿ ಕ್ರಿಕೆಟ್‌ಗೆ ಹೊರಡುವ ಸ್ವಾತಂತ್ರ್ಯ ಸಿಕ್ಕಿದ್ದು ಹೆಚ್ಚಾಗಿ ಹುಡುಗರಿಗೇ. ಮೈನೆರೆದ ಹುಡುಗಿ ಬೀದಿಯಲ್ಲಿ ಓಡಿದರೆ ಹುಬ್ಬೇರಿಸುವ ಊರುಗಳಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಅವಳು ಓಡಬಹುದಾದ ಒಂದೇ ಒಂದು ಜಾಗ ಶಾಲೆಯ ಅಂಗಳ. ಅದೂ ಹೋದ ಮೇಲೆ ಆನ್‌ಲೈನ್ ತರಗತಿಯ ಬಿಡುವಿನಲ್ಲಿ ಅವಳ ಪಾಲಿಗೆ ಬಂದದ್ದು ಪಾತ್ರೆ, ಬಟ್ಟೆ, ತಮ್ಮ ತಂಗಿಯರ ಉಸ್ತುವಾರಿ.

ತಟ್ಟೆಗೂ ಪರದೆಗೂ ಏನು ನಂಟು?

ಇನ್ನು ಊಟದ ವಿಷಯ. ಇಟಲಿಯ ವೆರೋನಾದಲ್ಲಿ ಬೊಜ್ಜಿನ ಸಮಸ್ಯೆಯಿದ್ದ 41 ಮಕ್ಕಳನ್ನು ಮೊದಲಿನಿಂದಲೂ ಗಮನಿಸುತ್ತಿದ್ದ ವೈದ್ಯರು, ಲಾಕ್‌ಡೌನ್ ಶುರುವಾಗಿ ಮೂರು ವಾರದ ಹೊತ್ತಿಗೆ ಮತ್ತೆ ವಿಚಾರಿಸಿದರು. ಪರದೆಯ ಮುಂದಿನ ಹೊತ್ತು ದಿನಕ್ಕೆ ಐದು ಗಂಟೆಯ ಹತ್ತಿರ ಏರಿತ್ತು, ಆಟದ ಹೊತ್ತು ವಾರಕ್ಕೆ ಎರಡು ಗಂಟೆಗೂ ಹೆಚ್ಚು ಇಳಿದಿತ್ತು. ಊಟದ ಲೆಕ್ಕದಲ್ಲಿ ಕುತೂಹಲದ ಸಂಗತಿಯೆಂದರೆ, ತರಕಾರಿ ತಿನ್ನುವುದು ಕಡಿಮೆಯಾಗಿರಲಿಲ್ಲ. ದಿನಕ್ಕೆ ಒಂದು ಊಟ ಮಾತ್ರ ಹೆಚ್ಚಾಗಿತ್ತು, ಅದರ ಜೊತೆಗೆ ಚಿಪ್ಸು ಮತ್ತು ಸಿಹಿ ಪಾನೀಯ. ಆಗಿಂದಾಗ್ಗೆ ಬಾಯಾಡಿಸುವುದು ಎಂದು ನಾವು ಹೇಳುವುದು ಇದನ್ನೇ. ಶಾಲೆಯಲ್ಲಿ ಹತ್ತೂವರೆಗೆ ಹಸಿವಾದರೆ ಬಿಡುವಿನವರೆಗೆ ತಡೆಯಬೇಕು. ಮನೆಯ ತರಗತಿಯಲ್ಲಿ ವಿಡಿಯೋ ಆಫ್ ಮಾಡಿ, ಮೈಕ್ ಮ್ಯೂಟ್ ಮಾಡಿ, ಅಡುಗೆಮನೆಗೆ ಹೋಗಿ ಮಿಕ್ಸ್ಚರ್ ಡಬ್ಬ ತಂದುಕೊಂಡರೆ ಮುಗಿಯಿತು. ಕಣ್ಣು ಬೀಜಗಣಿತದ ಮೇಲೆ, ಕೈ ಡಬ್ಬದೊಳಗೆ. ತಳ ಕಂಡಾಗಲೇ ಎಷ್ಟು ಹೋಯಿತು ಎಂಬುದು ಗೊತ್ತಾಗುವುದು.

ಇದನ್ನು ಬರೀ ಚಪಲ ಎಂದು ತಳ್ಳಿಹಾಕುವವರು ಎರಡು ಸಣ್ಣ ಪ್ರಯೋಗಗಳನ್ನು ನೋಡಬೇಕು. ಒಂದರಲ್ಲಿ 22 ಹದಿಹರೆಯದ ಹುಡುಗರನ್ನು ಒಂದು ದಿನ ಒಂದು ಗಂಟೆ ವಿಡಿಯೋ ಗೇಮ್ ಆಡಿಸಿದರು, ಇನ್ನೊಂದು ದಿನ ಅಷ್ಟೇ ಹೊತ್ತು ಸುಮ್ಮನೆ ಕೂರಿಸಿದರು. ಆಮೇಲೆ ಬೇಕಾದಷ್ಟು ತಿನ್ನಲು ಬಿಟ್ಟರೆ, ಗೇಮ್ ಆಡಿದ ದಿನ ಸುಮಾರು 80 ಕಿಲೋ ಕ್ಯಾಲರಿ, ಅಂದರೆ ಒಂದು ತೆಳು ಚಪಾತಿಯಷ್ಟು ಹೆಚ್ಚು ತಿಂದರು. ಹಸಿವು ಹೆಚ್ಚಾಗಿದೆ ಎಂದು ಅವರಿಗೆ ಅನ್ನಿಸಿರಲೇ ಇಲ್ಲ. ಇನ್ನೊಂದು ಕೆನಡಾದ ಲವಾಲ್ ವಿಶ್ವವಿದ್ಯಾಲಯದ್ದು. ಅಲ್ಲಿ 14 ವಿದ್ಯಾರ್ಥಿನಿಯರಿಗೆ 45 ನಿಮಿಷ ಓದಿ ಬರೆಯುವ ಅಥವಾ ಕಂಪ್ಯೂಟರ್ ಮುಂದೆ ತಲೆಗೆ ಕೆಲಸ ಕೊಡುವ ಪರೀಕ್ಷೆ. ಸುಮ್ಮನೆ ಕೂತದ್ದಕ್ಕೆ ಹೋಲಿಸಿದರೆ ಈ ಕೆಲಸಕ್ಕೆ ಮೈ ಸುಟ್ಟದ್ದು ಮೂರು ಕಿಲೋ ಕ್ಯಾಲರಿ ಮಾತ್ರ ಹೆಚ್ಚು. ಆಮೇಲೆ ತಿಂದದ್ದು ಇನ್ನೂರಕ್ಕೂ ಹೆಚ್ಚು. ಎರಡೂ ಪುಟ್ಟ ಪ್ರಯೋಗಗಳು, ಅವುಗಳ ಮೇಲೆ ಅರಮನೆ ಕಟ್ಟಲಾಗದು. ಆದರೂ ಒಂದು ಸುಳಿವು ಕೊಡುತ್ತವೆ: ಕೂತಲ್ಲೇ ತಲೆ ದಣಿದರೆ ಹೊಟ್ಟೆ ಸುಳ್ಳು ಹಸಿವು ತೋರಿಸುತ್ತದೆ. ಆನ್‌ಲೈನ್ ತರಗತಿ ಅಂದರೆ ಕೂತಲ್ಲೇ ತಲೆ ದಣಿಸುವ ಕೆಲಸವೇ ಅಲ್ಲವೇ? ಶಾಲೆಯಲ್ಲೂ ತಲೆ ದಣಿಯುತ್ತದೆ. ಅಲ್ಲಿ ಕೈಗೆಟಕುವಂತೆ ಡಬ್ಬ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟು ಡಬ್ಬ ತುಂಬಿದ ಮನೆಗಳ ಕತೆ. ಕರ್ನಾಟಕದಲ್ಲಿ ಇನ್ನೊಂದು ಕತೆ ಇದೆ, ಅದನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ಬಿಸಿಯೂಟದ ನಿಯಮದಂತೆ ಹಿರಿಯ ಪ್ರಾಥಮಿಕದ ಒಂದು ಮಗುವಿನ ತಟ್ಟೆಗೆ ದಿನಕ್ಕೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಬೀಳಬೇಕು. ಅದರಿಂದ 700 ಕಿಲೋ ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನ್ ಸಿಗಬೇಕು. ಕೇಂದ್ರದ ಯೋಜನೆ ಎಂಟನೇ ತರಗತಿಗೆ ನಿಲ್ಲುತ್ತದೆ. ಕರ್ನಾಟಕ ತನ್ನ ಖರ್ಚಿನಲ್ಲಿ 9 ಮತ್ತು 10ನೇ ತರಗತಿಗೂ ಊಟ ಹಾಕುತ್ತದೆ, 2013ರಿಂದ ಕ್ಷೀರಭಾಗ್ಯದ ಹಾಲನ್ನೂ ಕೊಡುತ್ತಿದೆ. ಶಾಲೆ ಮುಚ್ಚಿದಾಗ ಈ ಊಟದ ಬದಲು ಆಹಾರಧಾನ್ಯ ಮನೆಗೆ ಹೋಯಿತು. ಒಳ್ಳೆಯ ಕ್ರಮವೇ. ಆದರೆ ತಟ್ಟೆಗೆ ಬಡಿಸಿದ ಅನ್ನ ಮಗುವಿನದು, ಚೀಲದಲ್ಲಿ ಬಂದ ಅಕ್ಕಿ ಇಡೀ ಮನೆಯದು. ಕೂಲಿ ನಿಂತ ಮನೆಯಲ್ಲಿ ಐದು ಮಂದಿಯ ನಡುವೆ ಆ ಚೀಲ ಎಷ್ಟು ದಿನ ಬಾಳೀತು? ಬೇಳೆ ಬಂದರೂ ತರಕಾರಿ ಬರಲಿಲ್ಲ. 2016-18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದ 10ರಿಂದ 19 ವರ್ಷದವರಲ್ಲಿ ಶೇ 24 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದ ಸಣಕಲರು, ಶೇ 28 ಮಂದಿಗೆ ರಕ್ತಹೀನತೆ, ಶೇ 5 ಮಂದಿಗೆ ಅತಿತೂಕ. ಒಂದೇ ಬೀಗ ಸಣಕಲರು, ಅತಿತೂಕದವರು ಈ ಎರಡೂ ಗುಂಪುಗಳನ್ನು ಎದುರು ಬದುರು ದಿಕ್ಕಿಗೆ ತಳ್ಳಿತು. ಒಬ್ಬರಿಗೆ ಬೇಡದ ಊಟ ಸೇರಿತು, ಇನ್ನೊಬ್ಬರಿಂದ ಬೇಕಾದ ಊಟ ಕಳೆಯಿತು.

ಕಾನೂನಿನ ಒಂದು ವ್ಯಂಗ್ಯವನ್ನೂ ಇಲ್ಲಿ ನೆನೆಯಬೇಕು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ಕುರುಕಲು ತಿಂಡಿಗಳನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ ಎಂಬ ನಿಯಮವನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಹೊರಡಿಸಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಗೇಟಿಗೆ ಬೀಗ ಬಿದ್ದು ಆಗ ಆರು ತಿಂಗಳಾಗಿತ್ತು. ತರಗತಿಯೇ ಅಡುಗೆಮನೆಯ ಪಕ್ಕಕ್ಕೆ ಬಂದಾಗ 50 ಮೀಟರ್ ಎಲ್ಲಿಂದ ಅಳೆಯುವುದು? ಹೊರಗಿನಿಂದ ತರಿಸುವ ಆ್ಯಪ್ ಕೂಡ ಪಾಠ ಕೇಳುವ ಫೋನಿನಲ್ಲೇ ಇತ್ತು.

ತಪ್ಪು ಶಾಲೆ ಮುಚ್ಚಿದ್ದರದೋ, ರೋಗದ್ದೋ?

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದೇ. ಆಗ ಬರೀ ಶಾಲೆ ಮುಚ್ಚಿರಲಿಲ್ಲ. ಉದ್ಯಾನಗಳು ಮುಚ್ಚಿದ್ದವು, ಭಯ ಇತ್ತು, ಸಾವುಗಳಿದ್ದವು, ಕೆಲಸ ಹೋಗಿತ್ತು. ಎಲ್ಲವನ್ನೂ ಆನ್‌ಲೈನ್ ಪಾಠದ ತಲೆಗೆ ಕಟ್ಟುವುದು ನ್ಯಾಯವೇ? ಎಲ್ಲವನ್ನೂ ಕಟ್ಟಲಾಗದು, ನಿಜ. ಆದರೆ ರೋಗವಿಲ್ಲದ, ಭಯವಿಲ್ಲದ ಒಂದು ಹೋಲಿಕೆ ನಮ್ಮ ಬಳಿ ಇದೆ. ಅದು ಬೇಸಿಗೆ ರಜೆ. ಅಮೆರಿಕದ 18,000ಕ್ಕೂ ಹೆಚ್ಚು ಪುಟ್ಟ ಮಕ್ಕಳನ್ನು ಶಾಲೆ ಸೇರಿದಂದಿನಿಂದ ಎರಡನೇ ತರಗತಿಯವರೆಗೆ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೊಜ್ಜಿರುವವರ ಪ್ರಮಾಣ ಶೇ 8.9ರಿಂದ 11.5ಕ್ಕೆ ಏರಿತ್ತು. ಆ ಏರಿಕೆ ಅಷ್ಟೂ ಆದದ್ದು ಬೇಸಿಗೆ ರಜೆಗಳಲ್ಲಿ. ಶಾಲೆ ನಡೆಯುವ ತಿಂಗಳುಗಳಲ್ಲಿ ಏರಲೇ ಇಲ್ಲ. ಮಕ್ಕಳ ದಿನಕ್ಕೆ ಚೌಕಟ್ಟು ಇದ್ದಷ್ಟೂ ಅವರ ನಡವಳಿಕೆ ಆರೋಗ್ಯಕರವಾಗಿರುತ್ತದೆ ಎಂಬ ಊಹೆಯನ್ನು ಸಂಶೋಧಕರು ಮಂಡಿಸಿದ್ದು 2017ರಲ್ಲಿ, ಕೊರೊನಾಕ್ಕೆ ಮೂರು ವರ್ಷ ಮೊದಲು. ಆಮೇಲೆ ನಡೆದದ್ದು ಅದೇ ಊಹೆಯ ದೊಡ್ಡ ಪರೀಕ್ಷೆ. ಅಮೆರಿಕದಲ್ಲಿ 2ರಿಂದ 19 ವರ್ಷದ 4,32,302 ಮಂದಿಯ ದಾಖಲೆ ನೋಡಿದಾಗ, ದೇಹತೂಕದ ಸೂಚ್ಯಂಕ ಏರುವ ವೇಗ ಸುಮಾರು ಇಮ್ಮಡಿಯಾಗಿತ್ತು. ಇಂಗ್ಲೆಂಡಿನಲ್ಲಿ ಹದಿಹರೆಯದ ಹೊಸ್ತಿಲಲ್ಲಿರುವ 10-11 ವರ್ಷದವರಲ್ಲಿ ಬೊಜ್ಜು 2019-20ರ ಶೇ 21ರಿಂದ ಮರುವರ್ಷ ಶೇ 25.5ಕ್ಕೆ ಜಿಗಿಯಿತು. ಶಾಲೆಗಳು ಸರಿಯಾಗಿ ನಡೆದ 2021-22ರಲ್ಲಿ ಶೇ 23.4ಕ್ಕೆ ಇಳಿಯಿತು. ಏರಿದ್ದರಲ್ಲಿ ಅರ್ಧದಷ್ಟು ಒಂದೇ ವರ್ಷದಲ್ಲಿ ಕರಗಿತು. ಉಳಿದರ್ಧ ಅಷ್ಟು ಬೇಗ ಕರಗಲಿಲ್ಲ.

ಎರಡನೆಯ ಆಕ್ಷೇಪ ಮನೆಯೂಟದ ಪರವಾದದ್ದು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತೇವೆ. ಅಮ್ಮನ ಕೈ ಅಡುಗೆಗಿಂತ ಒಳ್ಳೆಯದು ಯಾವುದು? ಈ ಮಾತಿಗೂ ಆಧಾರವಿದೆ. ಇಟಲಿ, ಸ್ಪೇನ್, ಚಿಲಿ, ಕೊಲಂಬಿಯಾ, ಬ್ರೆಜಿಲ್‌ಗಳ 820 ಹದಿಹರೆಯದವರನ್ನು ಕೇಳಿದಾಗ ಲಾಕ್‌ಡೌನ್‌ನಲ್ಲಿ ಹಣ್ಣು ತರಕಾರಿ ಹೆಚ್ಚು ತಿಂದದ್ದೂ ಫಾಸ್ಟ್‌ಫುಡ್ ಕಡಿಮೆಯಾದದ್ದೂ ಕಂಡಿತು. ಆದರೆ ಅದೇ ಅಧ್ಯಯನದಲ್ಲಿ ದಿನಾ ಸಿಹಿ ತಿನ್ನುವವರು ಶೇ 14ರಿಂದ 20.7ಕ್ಕೆ ಏರಿದ್ದರು. ಮನೆಯೂಟ ಒಳ್ಳೆಯದಾಗಬೇಕಾದರೆ ಮನೆಯಲ್ಲಿ ಅದನ್ನು ಮಾಡಿ ಬಡಿಸುವವರಿಗೆ ಹೊತ್ತಿರಬೇಕು, ಕೊಳ್ಳಲು ದುಡ್ಡಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲರೂ ಕೂತು ಉಣ್ಣುವ ಗೊತ್ತಾದ ಹೊತ್ತು ಇರಬೇಕು. ಹಾಗಾಗಿ ಇಲ್ಲೂ ಮಾತು ತಿರುಗಿ ಚೌಕಟ್ಟಿಗೇ ಬಂದು ನಿಲ್ಲುತ್ತದೆ. ನಿದ್ದೆಯ ವಿಷಯದಲ್ಲಿ ಮಾತ್ರ ಮನೆಪಾಠದ ಪರ ವಾದ ಗೆಲ್ಲುತ್ತದೆ, ಅದನ್ನು ಒಪ್ಪಬೇಕು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪ್ರಾಂತ್ಯದ ಪ್ರೌಢಶಾಲಾ ಮಕ್ಕಳು ಶಾಲೆ ಮುಚ್ಚಿದ್ದಾಗ ಶಾಲಾದಿನಗಳಲ್ಲಿ 75 ನಿಮಿಷ ಹೆಚ್ಚು ನಿದ್ದೆ ಮಾಡಿದರು. ಕೆಫೀನ್ ಸೇವನೆಯೂ ಇಳಿಯಿತು. ಹದಿಹರೆಯದಲ್ಲಿ ನಿದ್ದೆ ಬರುವುದೇ ತಡ, ಏಳುವುದೂ ತಡ. ಆದರೆ ಇದರಿಂದ ಸಿಗುವ ಪಾಠ ಬೆಳಗಿನ ಗಂಟೆಯನ್ನು ಸ್ವಲ್ಪ ತಡವಾಗಿ ಹೊಡೆಯಿರಿ ಎಂಬುದು. ಗಂಟೆಯನ್ನೇ ಕಿತ್ತು ಹಾಕಿ ಎಂದು ಅಲ್ಲ.

ಮೂರನೆಯ ಆಕ್ಷೇಪ ಚುಚ್ಚುವಂಥದ್ದು. ನಮ್ಮ ಶಾಲೆಗಳೇನು ಆರೋಗ್ಯಧಾಮಗಳೇ? ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಆಟದ ಪೀರಿಯಡನ್ನು ಗಣಿತ ನುಂಗುತ್ತದೆ. ಮೈದಾನವಿಲ್ಲದ ಖಾಸಗಿ ಶಾಲೆಗಳಿವೆ, ಪಿ.ಟಿ. ಮೇಷ್ಟ್ರೇ ಇಲ್ಲದ ಸರ್ಕಾರಿ ಶಾಲೆಗಳಿವೆ. ಇದೆಲ್ಲ ನಿಜ. ಆದರೆ ಇಂಥ ಅರೆಕೊರೆ ಶಾಲೆ ಮುಚ್ಚಿದಾಗಲೂ ಇಷ್ಟು ನಷ್ಟವಾಯಿತು ಎಂದರೆ, ಸರಿಯಾದ ಶಾಲೆ ಎಷ್ಟು ಕೊಟ್ಟೀತು ಎಂದು ಊಹಿಸಬಹುದು. ಹಳ್ಳಿಯ ಮಕ್ಕಳು ಹೊಲಕ್ಕೆ, ದನ ಮೇಯಿಸಲು ಹೋದರು, ಅವರ ಮೈಗೇನೂ ಕಡಿಮೆಯಾಗಲಿಲ್ಲ ಎನ್ನುವವರೂ ಇದ್ದಾರೆ. 2021ರ ಆಗಸ್ಟ್‌ನಲ್ಲಿ ಕರ್ನಾಟಕವೂ ಸೇರಿದಂತೆ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ಹಳ್ಳಿಗಳ 1ರಿಂದ 8ನೇ ತರಗತಿಯ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್ ಕಲಿಯುತ್ತಿದ್ದವರು ಶೇ 8 ಮಾತ್ರ. ಶೇ 37 ಮಂದಿ ಓದನ್ನೇ ಬಿಟ್ಟಿದ್ದರು. ಬಿಸಿಯೂಟ ತಪ್ಪಿದ ಹೊಟ್ಟೆಯಲ್ಲಿ ಕಳೆ ಕೀಳುವುದನ್ನು ವ್ಯಾಯಾಮ ಎಂದು ಕರೆದರೆ ಅದು ಭಾಷೆಗೆ ಮಾಡುವ ಅಪಚಾರ.

ಗಂಟೆಯನ್ನು ಮನೆಗೆ ತರುವುದು

ಕೊರೊನಾ ಮುಗಿದ ಕತೆ, ಈಗೇಕೆ ಇದು ಎಂದು ಕೇಳಬಹುದು. ಮನೆಪಾಠ ಮುಗಿದಿಲ್ಲ. 2024ರ ನವೆಂಬರ್‌ನಲ್ಲಿ ಹೊಗೆ ಮುಸುಕಿದ ದೆಹಲಿಯ ಶಾಲೆಗಳು ಆನ್‌ಲೈನ್‌ಗೆ ಹೋದವು. ನಮ್ಮ ಕರಾವಳಿ, ಕೊಡಗಿನಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ. ಪಿಯು ಓದುವವರು ನೀಟ್, ಜೆಇಇ ತಯಾರಿಗೆ ಫೋನಿನ ಮುಂದೆ ಗಂಟೆಗಟ್ಟಲೆ ಕೂರುವುದು ಮಾಮೂಲಿ. ಹೀಗಿರುವಾಗ ಹಳೆಯ ತಪ್ಪನ್ನು ಮತ್ತೆ ಮಾಡಬಾರದು. 2020ರಲ್ಲಿ ನಮ್ಮ ಚರ್ಚೆಯೆಲ್ಲ ಪರದೆಯ ನಿಮಿಷಗಳ ಸುತ್ತ ಸುತ್ತಿತು. ರಾಜ್ಯ ಸರ್ಕಾರ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ನಿಷೇಧಿಸಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅದೇ ತಿಂಗಳು ಬಂದ ಕೇಂದ್ರದ ‘ಪ್ರಜ್ಞಾತ’ ಮಾರ್ಗಸೂಚಿ 9ರಿಂದ 12ನೇ ತರಗತಿಗೆ ದಿನಕ್ಕೆ 30-45 ನಿಮಿಷದ ನಾಲ್ಕು ಅವಧಿಗಿಂತ ಹೆಚ್ಚು ಬೇಡ ಎಂದಿತು. ಮಿತಿ ಬೇಕಾದದ್ದೇ. ಆದರೆ ಪರದೆಯಿಂದ ಉಳಿಸಿದ ಗಂಟೆ ತಾನಾಗಿ ಮೈದಾನಕ್ಕೆ ಹೋಗುವುದಿಲ್ಲ. ಹೆಚ್ಚಾಗಿ ಅದು ಮತ್ತೊಂದು ಪರದೆಗೆ ಹೋಗುತ್ತದೆ. ಮನೆಪಾಠದ ವೇಳಾಪಟ್ಟಿಯಲ್ಲಿ ಗಣಿತ, ವಿಜ್ಞಾನದ ಪಕ್ಕದಲ್ಲೇ ಆಟದ ಪೀರಿಯಡ್, ಪರದೆ ಆರಿಸಿ ಹೊರಗೆ ಹೋಗುವ ಪೀರಿಯಡ್, ಎಲ್ಲರಿಗೂ ಒಂದೇ ಹೊತ್ತಿನ ಊಟದ ಬಿಡುವು ಬರೆದಿರಬೇಕು, ಆ ಹೊತ್ತಿನಲ್ಲಿ ಮೇಷ್ಟ್ರೂ ಲಿಂಕ್ ಮುಚ್ಚಬೇಕು. ಹುಡುಗಿಯರ ಆಟದ ಪೀರಿಯಡ್ ಮನೆಗೆಲಸಕ್ಕೆ ಹೋಗದಂತೆ ಪೋಷಕರಿಗೆ ಶಾಲೆಯೇ ತಿಳಿಸಬೇಕು. ಶಾಲೆ ಎಷ್ಟೇ ದಿನ ಮುಚ್ಚಲಿ, ಅಡುಗೆ ಕೋಣೆಯ ಒಲೆ ಆರಬಾರದು.

ಇದು ಆಗದ ಮಾತಲ್ಲ. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮೇಷ್ಟ್ರುಗಳು ಅರಳಿಕಟ್ಟೆ, ದೇವಸ್ಥಾನದ ಜಗುಲಿ, ಮರದ ನೆರಳಿಗೆ ಪಾಠ ಕೊಂಡೊಯ್ದರು. ಮಕ್ಕಳು ನಡೆದು ಬಂದು ಸೇರಿದರು. ಸೋಂಕಿನ ಆತಂಕದಿಂದ ಅದು ಅಕ್ಟೋಬರ್‌ನಲ್ಲಿ ನಿಂತಿತಾದರೂ, ಶಾಲೆಯ ಕಟ್ಟಡ ಇಲ್ಲದೆಯೂ ಶಾಲೆಯ ದಿನವನ್ನು ಕಟ್ಟಬಹುದು ಎಂಬುದನ್ನು ತೋರಿಸಿಕೊಟ್ಟಿತು. ಮುಂದಿನ ಸಲ ಮಳೆಗೋ ಹೊಗೆಗೋ ರೋಗಕ್ಕೋ ಶಾಲೆಯ ಬಾಗಿಲು ಹಾಕುವ ಆದೇಶಕ್ಕೆ ಸಹಿ ಬೀಳುವಾಗ, ಅದರ ಜೊತೆಗೆ ಇನ್ನೆರಡು ಸಾಲು ಇರಲಿ: ಮಕ್ಕಳ ಊಟ ಎಷ್ಟು ಹೊತ್ತಿಗೆ, ಆಟ ಎಷ್ಟು ಹೊತ್ತಿಗೆ.